ದೊಡ್ಡದು ದಾಟದ ದಾರಿ

—ಮತ್ತೆ ನಿಂತಿತು, ಇಲ್ಲ, ನಿಂತಿಲ್ಲ, ಸರಿದಿದೆ, ಪರದೆಯ ಮೇಲೆ ಕೂತ ದೂಳಿನ ಚುಕ್ಕೆಯನ್ನು ಕಳಿಸಿದ್ದು ಎಷ್ಟು ಹೋಯಿತೆಂದು ತೋರಿಸುವ ಹಸಿರು ಪಟ್ಟಿಯ ತುದಿ ಈಗ ಮುಟ್ಟಿದೆ, ಆಗ ಮುಟ್ಟಿರಲಿಲ್ಲ, ಒರೆಸೋಣವೆಂದು ಬೆರಳೆತ್ತಿದವಳು ಹಾಗೇ ಬಿಟ್ಟಳು, ಚುಕ್ಕೆಯೂ ಹೋದರೆ ಪಟ್ಟಿ ನಡೆಯುತ್ತಿದೆಯೋ ಕೂತಿದೆಯೋ ಎಂದು ಹೇಳುವವರಾದರೂ ಯಾರು, ಯಂತ್ರವನ್ನು ಕೇಳಿದರೆ ಇನ್ನು ಸ್ವಲ್ಪ ಹೊತ್ತು ಎನ್ನುತ್ತದೆ, ಬೆಳಿಗ್ಗೆಯಿಂದ ಅದೊಂದೇ ರಾಗ, ಇನ್ನು ಸ್ವಲ್ಪ ಹೊತ್ತು, ಗಂಡ ಹೊರಡುವಾಗ ಹೇಳಿದ್ದೂ ಅದೇ ಧಾಟಿಯಲ್ಲಿ, ಆಮೇಲೆ ಹಾಕ್ಕೋತೀನಿ ಬಿಡೇ, ಏನನ್ನು, ಹಾಂ, ಗುಂಡಿಯನ್ನು, ಅಂಗಿಯ ಬಲತೋಳಿನ ತುದಿಯ ಗುಂಡಿ, ಹಾಕದೆ ಬಿಟ್ಟಿದ್ದ, ತೋಳು ಬಾಯಿ ತೆರೆದುಕೊಂಡು ಮಣಿಕಟ್ಟಿನ ಮೇಲೆ ಜೋತಾಡುತ್ತಿತ್ತು, ಇವನು, ಗಾಜಿನ ಅಂಗಡಿಯವನು, ಮುಂಗೈ ಗುಂಡಿ ಹಾಕದೆ ಗಾಜು ಮುಟ್ಟಬೇಡಿ, ಚೂರು ಒಳಗೆ ಹೋದರೆ ಹುಡುಕಿದರೂ ಸಿಗಲ್ಲ ಎಂದು ಕೆಲಸದವರಿಗೆಲ್ಲ ಪಾಠ ಹೇಳುವವನು—ಇರಲಿ, ಕೆಲಸ ನೋಡು. ಚಳಿ. ಯಂತ್ರಗಳಿಗೆ ಸೆಕೆಯಾಗಬಾರದೆಂದು ಈ ಕೋಣೆಯಲ್ಲಿ ಮನುಷ್ಯರನ್ನು ನಡುಗಿಸುತ್ತಾರೆ, ಬಾಗಿಲ ಹಿಂದಿನ ಮೊಳೆಗೆ ಯಾರೋ ಬಿಟ್ಟುಹೋದ ದಪ್ಪ ಕೋಟು ಇತ್ತು, ಹೆಗಲ ಮೇಲೆ ಹೊದ್ದುಕೊಂಡಿದ್ದಾಳೆ, ಯಾರದೋ ಬೆವರಿನ ವಾಸನೆ, ಅವಳು ದಿನಾ ಕೂರುವ ಜಾಗ ಇದಲ್ಲ, ಅವಳ ಕಚೇರಿ ಊರಿನ ಆ ತುದಿಯ ಹೊಸ ಕಟ್ಟಡದಲ್ಲಿ, ಇದು ಆಸ್ಪತ್ರೆಯ ಹಳೇ ಕಟ್ಟಡ, ಕೆಳಗೆ ಸ್ಕ್ಯಾನ್ ವಿಭಾಗ, ಮೇಲೆ ಈ ಸರ್ವರ್ ಕೋಣೆ, ಕೆಳಗೆ ತೆಗೆದ ಚಿತ್ರಗಳೆಲ್ಲ ಮೊದಲು ಇಲ್ಲಿ ಬಂದು ಬೀಳುತ್ತವೆ, ಇದು ಹಳೇ ವಲಯ, ಇಲ್ಲಿಂದ ಹೊಸ ಕಟ್ಟಡದ ಹೊಸ ವಲಯಕ್ಕೆ ಹೋಗಬೇಕು, ಚಿತ್ರ ಓದುವ ದೊಡ್ಡ ಡಾಕ್ಟರು ಇರುವುದು ಅಲ್ಲಿ, ಅವರ ಪರದೆಗೆ ಚಿತ್ರ ಬಂದರೆ ತಾನೆ ರೋಗ ಇದೆಯೋ ಇಲ್ಲವೋ ಹೇಳುವುದು, ನಡುವಿನ ದಾರಿ ವರ್ಚುವಲ್, ಅಂದರೆ ಕಣ್ಣಿಗೆ ಕಾಣುವಂಥದ್ದಲ್ಲ, ಬೇರೆಯವರ ದಾರಿಯೊಳಗೆ ತಾವು ಲೆಕ್ಕದಲ್ಲಿ ಕಟ್ಟಿಕೊಂಡ ದಾರಿ, ಒಮ್ಮೆ ಅತ್ತೆಗೆ ಇದನ್ನೆಲ್ಲ ವಿವರಿಸಿದಾಗ ಅವರು ಎಲ್ಲ ಕೇಳಿಸಿಕೊಂಡು, ಹಾಗಾದ್ರೆ ಇಲ್ಲದ ರಸ್ತೆ ರಿಪೇರಿ ಮಾಡೋಕೆ ನಿಂಗೆ ಸಂಬಳ ಕೊಡ್ತಾರಾ ಅಂದಿದ್ದರು, ಗಂಡ ನಗುತ್ತ ಗೋಡೆಗೆ ಒರಗಿದ್ದ, ತೋಳಿನ ಗುಂಡಿ ಆಗ ಹಾಕಿತ್ತು.

ಆ ಇಲ್ಲದ ರಸ್ತೆ ಹೋದ ವಾರದ ಕೊನೆಯವರೆಗೂ ಚೆನ್ನಾಗಿಯೇ ಇತ್ತು, ಈಗ ಒಂದೊಂದು ಸ್ಕ್ಯಾನೂ ತೆವಳುತ್ತಿದೆ, ದೂರು ಬಂದದ್ದು ಹೊಸ ಕಟ್ಟಡದಿಂದ, ಹಾಗಾಗಿ ಎಲ್ಲರೂ ಹೊಸ ಕಟ್ಟಡದ ಯಂತ್ರಗಳನ್ನೇ ಬಿಚ್ಚಿ ನೋಡಿದರು, ತಂತಿ ಬದಲಾಯಿಸಿದರು, ಡಾಕ್ಟರ ಕಂಪ್ಯೂಟರನ್ನೇ ಬದಲಾಯಿಸಿದರು, ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ, ಅವಳು ಮಾತ್ರ ಒಂದು ಕೆಲಸ ಮಾಡಿದಳು, ಎರಡೂ ದಿಕ್ಕಿನಲ್ಲಿ ಓಡಿಸಿ ನೋಡಿದಳು, ಅಲ್ಲಿಂದ ಇಲ್ಲಿಗೆ ಬರುವುದು ಬಾಣದ ಹಾಗೆ ಬರುತ್ತದೆ, ಇಲ್ಲಿಂದ ಅಲ್ಲಿಗೆ ಹೋಗುವುದೇ ಹೋಗುವುದಿಲ್ಲ, ತಿಣುಕುತ್ತದೆ, ಹಾಗಾದರೆ ಕಣ್ಣಾರೆ ನೋಡೇಬಿಡೋಣವೆಂದು ಬೆಳಿಗ್ಗೆ ಕಚೇರಿಗೆ ಹೊರಟವಳು ಅರ್ಧ ದಾರಿಯಲ್ಲಿ ಇತ್ತ ತಿರುಗಿದಳು, ಮನೆಯಲ್ಲಿ ಯಾರಿಗೂ ಹೇಳಿಲ್ಲ, ಹೇಳುವಂಥದ್ದೇನಿದೆ. ಗೋಡೆಯ ಫೋನಿನಿಂದ ಚಿಲಕನಿಗೆ ಮಾಡಿದ್ದಳು, ಕಂಪ್ಯೂಟರ್ ಜಾಲದ ಭದ್ರತೆ ನೋಡಿಕೊಳ್ಳುವವನು, ಕಂಡ ಕಂಡ ಬಾಗಿಲನ್ನೆಲ್ಲ ಹಾಕಿಬಿಡುವುದೇ ಅವನ ಉದ್ಯೋಗ, ಅದಕ್ಕೇ ಎಲ್ಲರ ಬಾಯಲ್ಲೂ ಚಿಲಕ, ಅವಳು ಹಲೋ ಅನ್ನುವುದರೊಳಗೆ ಅವನು, ನನ್ನ ಕಡೆಯಿಂದ ಏನೂ ಇಲ್ಲ ಮೇಡಂ ಅಂದ, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಇಲ್ಲಿ ಕಳ್ಳ ಅಂತ ಇನ್ನೂ ಯಾರೂ ಬಾಯಿಬಿಟ್ಟಿರಲಿಲ್ಲ, ನಾನು ಕೇಳ್ತಿರೋದೇ ಬೇರೆ ಅಂದಳು, ಏನೇ ಕೇಳಿ ಮೇಡಂ, ನನ್ನ ಕಡೆಯಿಂದ ಏನೂ ಇಲ್ಲ, ಬೇಕಾದ್ರೆ ಪಿಂಗ್ ಮಾಡಿ ನೋಡಿ, ಹೋಗಲ್ವಾ, ಹೋಗತ್ತೆ. ಹೌದು, ಹೋಗುತ್ತದೆ, ಅದೇ ಸೋಜಿಗ, ಪಿಂಗ್ ಎಂದರೆ ಇದ್ದೀಯಾ ಎಂದು ಕೂಗುವುದು, ಆ ಕಡೆಯಿಂದ ಇದ್ದೀನಿ ಎಂದು ಕೂಗು ಬರುತ್ತದೆ, ಕೂಗಿದ ತಕ್ಷಣ ಬರುತ್ತದೆ, ಸಣ್ಣ ಮಾತಿಗೆ ಯಾವ ಅಡ್ಡಿಯೂ ಇಲ್ಲ.

ಸಣ್ಣ ಮಾತಿಗೆ ಮನೆಯಲ್ಲೂ ಅಡ್ಡಿಯಿಲ್ಲ, ಬಂದ್ಯಾ, ಬಂದೆ, ಊಟ ಆಯ್ತಾ, ಆಯ್ತು, ಗೇಟ್ ಹಾಕಿದ್ರಾ, ಹಾಕಿದೆ—ಮತ್ತೆ ಎಲ್ಲಿಗೋ ಹೋದೆ, ಕೆಲಸ ನೋಡು ಅಂದೆನಲ್ಲ, ಅವಳ ಕೈಗೆ ಕೆಲಸ ಕಲಿಸಿದ ಹಿರಿಯರದೊಂದು ಮಾತಿತ್ತು, ಸುಳ್ಳು ಸಾಮಾನು ಕಳಿಸಿ ಪರೀಕ್ಷೆ ಮಾಡಿದರೆ ಸುಳ್ಳು ಉತ್ತರವೇ ಬರೋದು, ಸಿಕ್ಕಿಹಾಕಿಕೊಂಡಿರೋದು ಯಾವುದೋ ಅದನ್ನೇ ಎತ್ತಿಕೊ, ಅದರ ಬೆನ್ನ ಹಿಂದೆ ಹೋಗು, ಅವರ ಕೈಕೆಳಗೆ ಕಲಿತವರೆಲ್ಲ ಇವತ್ತಿಗೂ ಹಾಗೇ ಮಾಡುತ್ತಾರೆ, ಅವಳೂ ಸಾಲಿನ ತಲೆಯಲ್ಲಿ ಸಿಕ್ಕಿಕೊಂಡ ಸ್ಕ್ಯಾನನ್ನೇ ಎತ್ತಿಕೊಂಡಿದ್ದಳು, ಸಾಲಿನಲ್ಲಿ ಬರೀ ನಂಬರು ಕಾಣುತ್ತದೆ, ಹೆಸರಿಲ್ಲ, ಆದರೆ ಒಂದನ್ನು ಎತ್ತಿ ಬೇರೆ ಇಟ್ಟರೆ ಅದರ ಮೇಲುಹೊದಿಕೆ, ರೋಗಿಯ ವಿವರ, ತೆರೆದುಕೊಳ್ಳುತ್ತದೆ, ಓದಲೇಬೇಕೆಂದಿಲ್ಲ, ಅವಳು ಓದುವವಳೂ ಅಲ್ಲ, ಜನರ ಒಳಗನ್ನು ಇಣುಕಿ ನೋಡುವ ಚಪಲ ಅವಳಿಗೆ ಯಾವತ್ತೂ ಇರಲಿಲ್ಲ, ಗಾತ್ರ ನೋಡಿದಳು, ಬಹಳ ದೊಡ್ಡದು, ತಲೆಯ ಸ್ಕ್ಯಾನು, ತಲೆಯನ್ನು ತೆಳ್ಳಗೆ ಹೆಚ್ಚಿ ಒಂದರ ಪಕ್ಕ ಒಂದು ಜೋಡಿಸಿದ ಚಿತ್ರಗಳು, ಗಾತ್ರದ ಪಕ್ಕದಲ್ಲಿ ತೆಗೆದ ಹೊತ್ತು, ಇವತ್ತು ಬೆಳಿಗ್ಗೆ, ಹೊತ್ತಿನ ಪಕ್ಕದಲ್ಲಿ ಹೆಸರು. ಹೆಸರು. ಕಣ್ಣು ಅದನ್ನು ದಾಟಿ ಮುಂದೆ ಹೋಗಿ ಮತ್ತೆ ಹಿಂದೆ ಬಂತು, ಬೀದಿಯಲ್ಲಿ ಗುರುತಿನವರನ್ನು ದಾಟಿ ಹೋದಮೇಲೆ ತಿರುಗಿ ನೋಡುವಂತೆ, ಗಂಡನದೇ ಹೆಸರು, ಜೊತೆಗೆ ಅವನ ಅಪ್ಪನ ಹೆಸರು, ಇರಬಹುದು, ಒಂದೇ ಹೆಸರಿನವರು ಊರಲ್ಲಿ ಬೇಕಾದಷ್ಟು ಜನ, ಅಪ್ಪಂದಿರ ಹೆಸರೂ ಒಂದೇ ಇರಬಾರದೆಂದೇನೂ ಇಲ್ಲ, ಕೆಳಗೆ ಹುಟ್ಟಿದ ದಿನ, ಅದೇ ದಿನ, ಫ್ಯಾನುಗಳ ಸದ್ದು ದೂರ ಹೋಗಿ ಮತ್ತೆ ಹತ್ತಿರ ಬಂತು, ಅವಳು ಪರದೆಯ ಮೇಲಿದ್ದ ಆ ಪುಟವನ್ನು ಮುಚ್ಚಿದಳು, ಮುಚ್ಚಿ ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಳು.

ಇಲ್ಲ, ಅವನು ಅಂಗಡಿಯಲ್ಲಿದ್ದಾನೆ, ಇವತ್ತು ಕಿಟಕಿ ಗಾಜಿನ ದೊಡ್ಡ ಕೆಲಸ ಇದೆ ಅಂದಿದ್ದಾನೆ, ತಲೆನೋವು ಅಂತ ಒಂದು ದಿನ ಅಂದವನಲ್ಲ, ಅಂದಿದ್ದನೇ, ಸೆಕೆಗೆ ತಲೆ ಸಿಡಿಯತ್ತೆ ಅಂದಿದ್ದ, ಅದು ಎಲ್ಲರೂ ಅನ್ನುವುದು, ಲೋಟ ಕೈಜಾರಿ ಬಿದ್ದಿತ್ತು, ಲೋಟ ಎಲ್ಲರ ಕೈಯಿಂದಲೂ ಬೀಳುತ್ತದೆ, ಅತ್ತೆ ಬೈದಿದ್ದರು, ಗಾಜಿನಂಗಡಿ ಇಟ್ಕೊಂಡು ಮನೆ ಲೋಟಾನೂ ಒಡೀತೀಯಲ್ಲೋ, ಒಡೆದರೆ ತಾನೆ ಅಮ್ಮ ವ್ಯಾಪಾರ ಅಂದಿದ್ದ, ನಕ್ಕಿದ್ದರು, ಅವಳೂ ನಕ್ಕಿದ್ದಳು, ಆಮೇಲೆ ಅಂಗಡಿಯಲ್ಲಿ ಗಾಜು ಸೊಟ್ಟಗೆ ಒಡೆಯುತ್ತಿದೆ ಎಂದು ಗೊಣಗಿದ್ದ, ಈಗಿನ ಸರಕೇ ಸರಿಯಿಲ್ಲ ಕಣೇ, ಗೆರೆ ಎಳೆದರೆ ಗೆರೆ ಬಿಟ್ಟು ಒಡೆಯತ್ತೆ, ಇರಬಹುದು, ಸರಕು ಸರಿಯಿಲ್ಲದಿರಬಹುದು, ಅವನ ಬಲಗೈ ಚೆನ್ನಾಗಿಯೇ ಇದೆಯಲ್ಲ, ನಿನ್ನೆ ಅವಳು ಒತ್ತಿ ಹಿಡಿದ ಡಬ್ಬಿಯ ಬಿಗಿಯಾದ ಮುಚ್ಚಳವನ್ನು ಒಂದೇ ತಿರುವಿಗೆ ತೆಗೆದುಕೊಟ್ಟ, ಬಲಗೈಯಲ್ಲಿ, ಕಟರ್ ಹಿಡಿಯುವ ಕೈ, ಮದುವೆಗೂ ಮುಂಚೆ ಅವಳ ಕಚೇರಿಗೆ ಗಾಜಿನ ಗೋಡೆ ಕೂರಿಸಲು ಬಂದವನು ಉಳಿದ ತುಂಡೊಂದನ್ನು ಅಂಗೈಯಗಲ ಕತ್ತರಿಸಿ, ಅಂಚನ್ನೆಲ್ಲ ಕಲ್ಲಿಗೆ ಉಜ್ಜಿ ನುಣುಪು ಮಾಡಿ, ತಗೊಳ್ಳಿ ಎಂಜಿನಿಯರಮ್ಮ, ಪೇಪರ್ ಹಾರದ ಹಾಗೆ ಇಡೋಕೆ, ಕೈಗೆ ಚುಚ್ಚಲ್ಲ ಎಂದು ಮೇಜಿನ ಮೇಲಿಟ್ಟ ಕೈ, ಆ ತುಂಡು ಇವತ್ತಿಗೂ ಇದೆ, ಆ ಕೈ ಸರಿಯಾಗಿದೆ, ಬೆಳಿಗ್ಗೆ ಬಲತೋಳಿನ ಗುಂಡಿ ಹಾಕಿರಲಿಲ್ಲ ಅಷ್ಟೆ, ಅವಸರ, ಅವಸರವಿತ್ತೆಂದರೆ ಬಾಗಿಲಲ್ಲಿ ಅಷ್ಟು ಹೊತ್ತು ನಿಂತದ್ದು ಯಾಕೆ, ಹೋಗ್ಬರ್ತೀನಿ ಅಂದ, ಹೋಗಲಿಲ್ಲ, ಮತ್ತೆ ಹೋಗ್ಬರ್ತೀನಿ ಅಂದ, ಅವಳು ಡಬ್ಬಿ ತುಂಬುತ್ತ ಹೂಂ ಅಂದಿದ್ದಳು, ತಲೆಯೆತ್ತದೆ.

ಕೇಳಿಬಿಡೋಣ. ಕೋಣೆಯೊಳಗೆ ಮೊಬೈಲಿಗೆ ಸಿಗ್ನಲ್ ಇಲ್ಲ, ಹೊರಗೆ ಮೆಟ್ಟಿಲ ಹತ್ತಿರ ಬಂದಳು, ಬಿಸಿಗಾಳಿ ಮುಖಕ್ಕೆ ಬಡಿಯಿತು, ಫೋನು ಹೊಡೆದುಕೊಂಡಿತು, ಹೊಡೆದುಕೊಂಡಿತು, ಎತ್ತಿದ, ಏನೇ, ಏನಿಲ್ಲ, ಊಟ ಆಯ್ತಾ, ಆಯ್ತು, ನಿಂದು, ಆಯ್ತು, ಆಗಿರಲಿಲ್ಲ, ಡಬ್ಬಿ ಚೀಲದಲ್ಲೇ ಇತ್ತು, ಕೇಳು, ಈಗ ಕೇಳು, ತಲೆಯ ಸ್ಕ್ಯಾನು ಯಾಕೆ ಮಾಡಿಸಿದ್ರಿ, ನಾಲಿಗೆಯ ತುದಿಗೆ ಬಂತು, ಬಂದು ಅಲ್ಲೇ ಕೂತಿತು, ಅಂಗಡಿಯಲ್ಲೇ ಇದೀರಾ ಅಂದಳು, ಇನ್ನೆಲ್ಲಿರ್ತೀನಿ, ಗಿರಾಕಿ ಇದಾರೆ ಅಂದ, ಅವನ ದನಿ ಎಂದಿನಂತೆಯೇ ಇತ್ತು, ಸುಳ್ಳು ಹೇಳಲು ಬರದವನು ಕಷ್ಟಪಟ್ಟು ಎಂದಿನಂತೆ ಇಟ್ಟುಕೊಂಡ ದನಿ, ಅಷ್ಟರಲ್ಲಿ ಕೆಳಗಿನ ಸ್ಕ್ಯಾನ್ ವಿಭಾಗದಲ್ಲಿ ಟೋಕನ್ ಕರೆಯುವ ಗಂಟೆ ಹೊಡೆಯಿತು, ಟಿಂಗ್ ಟಾಂಗ್, ಮೆಟ್ಟಿಲ ಸಂದಿಯಿಂದ ಮೇಲೇರಿ ಬಂದು ಒಂದು ಕಿವಿಗೆ ಕೇಳಿಸಿತು, ಅದು ಇನ್ನೂ ಮುಗಿಯುತ್ತಿರುವಾಗಲೇ ಇನ್ನೊಂದು ಕಿವಿಯಲ್ಲಿ, ಫೋನಿನೊಳಗೆ, ಟಿಂಗ್ ಟಾಂಗ್, ಅದೇ ಗಂಟೆ, ಒಂದು ಎಳೆಯಷ್ಟು ತಡವಾಗಿ. ಅವಳ ಕಸುಬೇ ಅದು, ಒಂದೇ ಸದ್ದು ಎರಡು ದಾರಿಯಲ್ಲಿ ಬಂದರೆ ಯಾವುದು ಎಷ್ಟು ತಡ ಎಂದು ಅಳೆಯುವುದು, ಕಿವಿ ತಾನಾಗಿಯೇ ಅಳೆಯಿತು, ಏನದು ಸದ್ದು ಅಂದಳು, ಯಾವ್ದು, ಓ ಅದಾ, ಪಕ್ಕದ ಅಂಗಡೀಲಿ ಏನೋ ಹೊಸ ಗಂಟೆ ಹಾಕ್ಕೊಂಡಿದಾರೆ, ಇಡ್ಲಾ, ಇಡಿ, ಹುಷಾರು, ನೀನೂ. ಇಷ್ಟೆ. ಇದ್ದೀಯಾ, ಇದ್ದೀನಿ. ಕೆಳಗೆ ಎರಡು ಮಹಡಿ ಇಳಿದರೆ ಅವನು, ಅವಳು ಆ ತುದಿಯ ಕಚೇರಿಯಲ್ಲಿದ್ದಾಳೆ, ಈ ಕಡೆ ಕಾಲಿಡುವುದಿಲ್ಲ ಎಂದು ಲೆಕ್ಕ ಹಾಕಿಯೇ ಇಲ್ಲಿಗೆ ಬಂದಿದ್ದಾನೆ, ಇಳಿದು ಹೋಗಬಹುದಿತ್ತು, ಇಳಿಯಲಿಲ್ಲ, ಭಯವಾಯಿತು, ಅವನ ಮುಖ ನೋಡಲು ಭಯ, ಅವನಿಗೆ ತನ್ನ ಮುಖ ತೋರಿಸಲು ಅದಕ್ಕಿಂತ ಭಯ, ಕೋಣೆಯೊಳಕ್ಕೆ ಹೋಗಿ ಬಾಗಿಲು ಹಾಕಿಕೊಂಡಳು.

ಹಲ್ಲು ಕಟಕಟ ಅನ್ನುತ್ತಿದ್ದವು, ಚಳಿಯೋ ಏನೋ, ಹೊದ್ದ ಕೋಟಿನೊಳಗೆ ಕೈ ತೂರಿಸಿದಳು, ತೋಳು ಉದ್ದ, ಬೆರಳುಗಳೆಲ್ಲ ಒಳಗೆ ಮುಳುಗಿದವು, ಮೇಲಕ್ಕೆಳೆದು ಗುಂಡಿ ಹಾಕಿಕೊಂಡರೆ ನಿಲ್ಲುತ್ತದೆ, ಎಡತೋಳಿನದು ಹಾಕಿದಳು, ಸಲೀಸು, ಬಲತೋಳಿನದಕ್ಕೆ ಬಂದಳು, ಗುಂಡಿಯನ್ನು ಹಿಡಿದು ಕಾಜಕ್ಕೆ ತೂರಿಸಲು ಹೋದ ಬೆರಳುಗಳು ಅಲ್ಲೇ ನಿಂತವು. ಎಡಗೈ ಬೆರಳುಗಳು. ಬಲತೋಳಿನ ಗುಂಡಿ ಹಾಕುವುದು ಎಡಗೈ. ಬಲಗೈ ಎಷ್ಟೇ ಗಟ್ಟಿಯಿದ್ದರೂ ತನ್ನ ಗುಂಡಿಯನ್ನು ತಾನು ಹಾಕಿಕೊಳ್ಳಲಾರದು. ಗಾಜಿನ ಮೇಲೆ ಅಳತೆಪಟ್ಟಿಯನ್ನು ಒತ್ತಿ ಹಿಡಿಯುವುದು ಎಡಗೈ, ಪಟ್ಟಿ ಜಾರಿದರೆ ಗೆರೆ ಸೊಟ್ಟ, ಗೆರೆ ಸೊಟ್ಟಾದರೆ ಗಾಜು ಸೊಟ್ಟ, ಸರಕಿನದೇನೂ ತಪ್ಪಿಲ್ಲ, ಲೋಟ ಬಿದ್ದದ್ದು ಯಾವ ಕೈಯಿಂದ, ಎಡಗೈಯಿಂದ, ಬಲಗೈಯಲ್ಲಿ ಪೇಪರ್ ಹಿಡಿದಿದ್ದ, ಈಚೆಗೆ ಎಡಗೈಯನ್ನು ಜೇಬಿಗೆ ಹಾಕಿಕೊಂಡೇ ನಡೆಯುತ್ತಾನೆ, ಏನ್ರೀ ದೊಡ್ಡ ಸಾಹೇಬರ ಹಾಗೆ ಅಂತ ಛೇಡಿಸಿದ್ದಳು, ಸಾಹೇಬರೇ ಅಲ್ವಾ ನಾವು ಅಂದಿದ್ದ, ದೇವರೇ, ಹಾಗೆ ಎಷ್ಟು ದಿನದಿಂದ ಜೇಬಿನಲ್ಲಿ ಬಚ್ಚಿಟ್ಟುಕೊಂಡು ತಿರುಗಿದ, ನಾನು ಬಲತೋಳನ್ನು ನೋಡಿದೆ, ಗುಂಡಿ ತೆರೆದದ್ದು ಕಂಡಿತು, ಬಲಗೈ ಚೆನ್ನಾಗಿದೆಯಲ್ಲ ಎಂದು ಸಮಾಧಾನ ಮಾಡಿಕೊಂಡೆ, ಎತ್ತಿಗೆ ಜ್ವರ ಅಂತ ಊರಿಗೆಲ್ಲ ಗಾದೆ ಹೇಳಿದವಳು ನಾನು, ತೊಂದರೆ ಕಾಣುವುದು ಒಂದು ಕಡೆ, ಇರುವುದು ಇನ್ನೊಂದು ಕಡೆ, ಬೆಳಿಗ್ಗೆಯಿಂದ ಎಲ್ಲರಿಗೂ ಹೇಳುತ್ತಿದ್ದೇನಲ್ಲ—

ತಾನೇ ಹೇಳುತ್ತಿದ್ದ ಮಾತು ಇನ್ನೊಂದು ಮೂಲೆಯಲ್ಲೂ ಹೋಗಿ ತಾಗಿತು, ಅವಳ ಬುದ್ಧಿಗೆ ಇದೊಂದು ಶಾಪ, ಮನೆ ಹೊತ್ತಿ ಉರಿಯುತ್ತಿದ್ದರೂ ಬೆಂಕಿ ಯಾವ ದಿಕ್ಕಿನಿಂದ ಬಂತು ಎಂದು ಯೋಚಿಸುವ ಬುದ್ಧಿ, ಹೋಗುವುದು ನಿಂತಿದ್ದರೆ ಹೋಗುವ ದಾರಿಯನ್ನೇ ಯಾಕೆ ನೋಡಬೇಕು, ವಾಪಸು ಬರಬೇಕಾದದ್ದು ಬರುತ್ತಿದೆಯೇ ನೋಡು, ಬೆರಳುಗಳು ಕೀಲಿಗಳನ್ನು ಒತ್ತತೊಡಗಿದವು, ಇದ್ದೀಯಾ ಎಂಬ ಕೂಗಿನ ಗಾತ್ರವನ್ನು ಸ್ವಲ್ಪ ಸ್ವಲ್ಪವೇ ಹೆಚ್ಚಿಸುತ್ತ ಹೋದಳು, ಸಣ್ಣದು, ಉತ್ತರ ಬಂತು, ಇನ್ನೂ ಸ್ವಲ್ಪ ದೊಡ್ಡದು, ಬಂತು, ಇನ್ನೂ, ಬಂತು, ಇನ್ನೊಂದು ಚೂರು, ಮೌನ. ಬೈಗುಳವೂ ಇಲ್ಲ, ಬರೀ ಮೌನ. ಕಟ್ಟಿಕೊಂಡ ದಾರಿಯಲ್ಲಿ ಹೋಗುವ ಪ್ರತಿ ಪೊಟ್ಟಣಕ್ಕೂ ಮೇಲೊಂದು ಹೊದಿಕೆ ಸುತ್ತಬೇಕು, ಕವರಿನ ಮೇಲೆ ಕವರು, ಮೂಗಿಗಿಂತ ಮೂಗುತಿ ಭಾರ, ಹೊದಿಕೆ ಸುತ್ತಿದ ದೊಡ್ಡ ಪೊಟ್ಟಣ ನಡುವಿನ ಬಾಗಿಲಲ್ಲಿ ಹಿಡಿಸುವುದಿಲ್ಲ, ಹಿಡಿಸದಿದ್ದರೆ ಆ ಬಾಗಿಲು ಒಂದು ಚೀಟಿ ಬರೆದು ಹಿಂದಕ್ಕೆ ಕಳಿಸುತ್ತದೆ, ಇದು ದೊಡ್ಡದಾಯಿತು, ಕತ್ತರಿಸಿ ಕಳಿಸು, ಆ ಚೀಟಿ ಬರುತ್ತಿಲ್ಲ, ಯಾರೋ ಅದನ್ನು ದಾರಿಯಲ್ಲೇ ಹಿಡಿದು ಎಸೆಯುತ್ತಿದ್ದಾರೆ, ಕಳಿಸಿದವನಿಗೆ ಏನೂ ತಿಳಿಯದು, ತಲುಪಿರಬಹುದು ಎಂದು ಕಾಯುತ್ತಾನೆ, ಮತ್ತೆ ಅದನ್ನೇ ಕಳಿಸುತ್ತಾನೆ, ಇನ್ನೂ ಹೆಚ್ಚು ಹೊತ್ತು ಕಾಯುತ್ತಾನೆ, ಕೊನೆಗೆ ತಾನೇ ಊಹಿಸಿಕೊಂಡು ಸಣ್ಣ ಸಣ್ಣ ಚೂರು ಕಳಿಸುತ್ತಾನೆ, ಅದೇ ಈ ತೆವಳಾಟ. ಚಿಲಕನಿಗೆ ಫೋನು ಮಾಡಿದಳು, ವಾರದ ಕೊನೆಗೆ ಹಳೇ ಕಟ್ಟಡದ ಬಾಗಿಲಲ್ಲಿ ಏನಾದ್ರೂ ಮಾಡಿದ್ರಾ, ನನ್ನ ಕಡೆಯಿಂದ ಏನೂ, ವಾಪಸು ಬರೋ ಚೀಟಿಗಳನ್ನ ತಡೆದಿದೀರಾ, ಛೆ ಛೆ, ತಡೆದಿಲ್ಲ ಮೇಡಂ, ಬಂದಿದ್ದನ್ನ ಬೀಳಿಸ್ತಿದೀವಿ ಅಷ್ಟೇ, ತಪಾಸಣೆಯವರು ಬೇಡದ್ದೆಲ್ಲ ಮುಚ್ಚಿ ಅಂದ್ರು, ಅಳಿಯ ಅಲ್ಲ ಮಗಳ ಗಂಡ, ಬೇರೆ ದಿನವಾಗಿದ್ದರೆ ಇಡೀ ಕಚೇರಿಗೆ ಕೇಳುವಂತೆ ನಗುತ್ತಿದ್ದಳು, ಸಂಜೆ ತೆಗೆದುಬಿಡ್ತೀನಿ ಮೇಡಂ, ಹಗಲಲ್ಲಿ ಬದಲಾವಣೆ ಬೇಡ ಅಂತ ನಿಯಮ ಇದೆಯಲ್ಲ, ಜನ ಕಡಿಮೆ ಆದ್ಮೇಲೆ ತೆಗೆಯೋಣ, ನಾಲ್ಕು ಗಂಟೆ ಹೆಚ್ಚುಕಮ್ಮಿ ಆದ್ರೆ ಏನಾಗತ್ತೆ, ಆಗ್ಲಿ, ಸಂಜೆ, ಅಂದುಬಿಟ್ಟಳು.

ಸಂಜೆ. ಆ ಮಾತು ಬಾಯಿಂದ ಹೊರಟ ಮೇಲೆ ಮೈಯೆಲ್ಲ ಸಡಿಲವಾಯಿತು, ಸಂಜೆಯವರೆಗೆ ಏನೂ ಇಲ್ಲ, ದೊಡ್ಡ ಡಾಕ್ಟರು ನೋಡುವವರೆಗೆ ತಲೆಯೊಳಗೆ ಏನೂ ಇಲ್ಲ, ಸಂಜೆಯವರೆಗೆ ಅವನು ಬರೀ ಗುಂಡಿ ಹಾಕಿಕೊಳ್ಳಲು ಮರೆತವನು, ನಿಯಮವೂ ಅವಳ ಕಡೆಗಿದೆ, ಯಾರೂ ಬೆರಳು ತೋರಿಸುವಂತಿಲ್ಲ, ಆದರೆ ಒಂದು ಮಾತು, ಅದು ಚಿಲಕನಿಗೂ ಗೊತ್ತು, ಅವಳಿಗಂತೂ ಚೆನ್ನಾಗಿ ಗೊತ್ತು, ಅವನು ಬಾಗಿಲು ತೆರೆಯಲೇಬೇಕೆಂದಿಲ್ಲ, ಇಲ್ಲಿ, ಈ ಯಂತ್ರದಲ್ಲಿ, ಹೊರಡುವ ಪೊಟ್ಟಣವನ್ನೇ ಮೊದಲು ಚಿಕ್ಕದಾಗಿ ಕತ್ತರಿಸು ಎಂದು ಒಂದು ಸಾಲು ಬರೆದರೆ ಸಾಕು, ಒಂದೇ ಸಾಲು, ಅದು ಅವಳ ಕೈಯಲ್ಲೇ ಇದೆ, ಜೀವದ ಪ್ರಶ್ನೆ ಬಂದರೆ ನಿಮ್ಮ ವಿವೇಚನೆ ಎಂದು ಅದೇ ನಿಯಮದ ಕೆಳಗೆ ಬರೆದೂ ಇದೆ, ಬರೆದಳು, ಬರೆದು ನೋಡುತ್ತ ಕೂತಳು, ಒತ್ತಲಿಲ್ಲ, ಒತ್ತಿದರೆ ಹೋಗುತ್ತದೆ, ಹೋದರೆ ನೋಡುತ್ತಾರೆ, ನೋಡಿದರೆ ಹೇಳುತ್ತಾರೆ, ನಾನೇ ಕಳಿಸಿದಂತಾಗುತ್ತದೆ, ನನ್ನ ಕೈಯಾರೆ, ಗೋಡೆಯ ಫೋನು ಹೊಡೆದುಕೊಂಡಿತು, ಎತ್ತಿದಳು, ಕೆಳಗಿನ ಸ್ಕ್ಯಾನಕ್ಕ, ಸ್ಕ್ಯಾನ್ ವಿಭಾಗದಲ್ಲಿ ಕೂದಲು ಹಣ್ಣಾದಾಕೆ, ಎಲ್ಲರಿಗೂ ಅಕ್ಕ, ಮೇಡಂ, ಏನಾದ್ರೂ ಆಯ್ತಾ, ಸಂಜೆ ಆಗತ್ತೆ ಅಕ್ಕ, ಸಂಜೇನಾ, ಇಲ್ಲಿ ಜನ ಕೂತಿದಾರೆ ಮೇಡಂ, ಮಗು ಎತ್ಕೊಂಡು ಒಬ್ಬಾಕೆ ಕೂತಿದಾಳೆ, ಬೆಳಿಗ್ಗೆಯಿಂದ ಒಬ್ರು ಕೂತೇ ಇದಾರೆ, ಒಬ್ಬರೇ ಬಂದಿದಾರೆ ಪಾಪ, ಮನೆಯವರನ್ನ ಕರೆಸಿ ಅಂದ್ರೆ ಬೇಡ, ಸುಮ್ನೆ ಯಾಕೆ ಅವಳನ್ನ ಹೆದರಿಸೋದು, ಏನೂ ಇಲ್ಲ ಅಂತ ಬಂದ್ರೆ ಹೇಳಿ ನಗಿಸ್ತೀನಿ ಅಂತಾರೆ, ಕಾಫಿ ಕೊಟ್ಟೆ, ಲೋಟ ಹಿಡಿಯೋಕೂ—ಅಕ್ಕ, ಅಂದಳು ಅವಳು, ಸಾಕು, ಆಮೇಲೆ ಮೆಲ್ಲಗೆ, ಒಂದು ನಿಮಿಷ ಅಕ್ಕ, ಈಗ್ಲೇ ಕಳಿಸ್ತೀನಿ. ಅವಳನ್ನ ಹೆದರಿಸೋದು ಯಾಕೆ. ಒಬ್ಬನೇ ಹೆದರಿಕೊಂಡು ಕೂತಿದ್ದಾನೆ, ಅವಳ ಪಾಲಿನದ್ದನ್ನೂ ತಾನೇ ಹೊತ್ತುಕೊಂಡು, ಇಲ್ಲಿ ಎರಡು ಮಹಡಿ ಮೇಲೆ ಅವಳು ಸಂಜೆ ಅನ್ನುತ್ತಿದ್ದಾಳೆ, ಅವನಿಗೆ ಸಂಜೆಯೆಂದರೆ ಆ ಬೆಂಚಿನ ಮೇಲೆ ಎಷ್ಟು ದೂರ, ಒತ್ತಿದಳು.

ಹಸಿರು ಪಟ್ಟಿ ದೂಳಿನ ಚುಕ್ಕೆಯನ್ನು ದಾಟಿತು, ದಾಟಿದ್ದು ಕಾಣಲೇ ಇಲ್ಲ, ಚುಕ್ಕೆ ಹಸಿರಿನೊಳಗೆ ಎಲ್ಲೋ ಉಳಿದು ಪಟ್ಟಿ ಕೊನೆ ಮುಟ್ಟಿತು, ಹಿಂದಿನದು ಹೊರಟಿತು, ಅದರ ಹಿಂದಿನದು, ಮಗುವಿನದೂ ಹೋಗಿರಬೇಕು, ಸಾಲು ಕರಗುತ್ತ ಹೋಯಿತು, ಗೋಡೆಯ ಫೋನಿನಲ್ಲಿ ಚಿಲಕ, ಏನ್ ಮಾಡಿದ್ರಿ ಮೇಡಂ, ಇಲ್ಲಿ ಎಲ್ಲ ಓಡ್ತಾ ಇದೆ, ಡಾಕ್ಟರು ಚಪ್ಪಾಳೆ ಹೊಡೀತಿದಾರೆ, ನಾನು ಹೇಳ್ಲಿಲ್ವಾ ನನ್ನ ಕಡೆಯಿಂದ ಏನೂ ಇಲ್ಲ ಅಂತ, ಅವಳು ಹೂಂ ಅಂದಳು, ಈಗ ಅಲ್ಲಿ ಪರದೆಯ ಮೇಲೆ ತೆರೆದುಕೊಂಡಿರುತ್ತದೆ, ಒಂದೊಂದೇ ತೆಳು ಹಾಳೆ ಸರಿಸುತ್ತಿರುತ್ತಾರೆ, ಎಡಗೈಯ ಯಜಮಾನಿಕೆ ತಲೆಯ ಬಲಗಡೆ, ಶಾಲೆಯಲ್ಲಿ ಓದಿದ್ದು, ಅಲ್ಲೂ ಅದೇ, ಕಾಣುವುದು ಒಂದು ಕಡೆ, ಇರುವುದು ಇನ್ನೊಂದು ಕಡೆ, ಡಾಕ್ಟರ ಬೆರಳು ಬಲಗಡೆಯ ಯಾವುದೋ ಹಾಳೆಯಲ್ಲಿ ನಿಲ್ಲುತ್ತದೆಯೇ, ನಿಲ್ಲದಿರಲಿ, ಸರಿಯುತ್ತ ಹೋಗಲಿ, ಎಲ್ಲ ಹಾಳೆ ಮುಗಿಯಲಿ, ಏನೂ ಇಲ್ಲ ಅನ್ನಲಿ, ಏನೂ ಇಲ್ಲ ಅಂದರೆ ಅವನು ಸಂಜೆ ಮನೆಯಲ್ಲಿ ಹೇಳಿ ನಗಿಸುತ್ತಾನೆ, ಅವಳು ಮೊದಲು ಬೈದು ಆಮೇಲೆ ನಗುತ್ತಾಳೆ, ಅತ್ತೆಯೂ ಬೈಯುತ್ತಾರೆ, ಅಳುತ್ತ ಬೈಯುತ್ತಾರೆ, ಫೋನು ಹೊಡೆದುಕೊಂಡಿತು, ಸ್ಕ್ಯಾನಕ್ಕ, ದನಿ ತಗ್ಗಿಸಿದ್ದಾಳೆ, ಎಲ್ಲ ಹೋಯ್ತು ಮೇಡಂ, ಪುಣ್ಯ ಬರ್ಲಿ ನಿಮಗೆ, ಮಗೂದು ಏನಿಲ್ವಂತೆ, ಆ ಒಬ್ರೇ ಬಂದಿದಾರೆ ಅಂದ್ನಲ್ಲ, ಅವರದ್ದು ದೊಡ್ಡ ಡಾಕ್ಟರು ನೋಡಿ ಇಲ್ಲಿನ ಡಾಕ್ಟರಿಗೆ ಫೋನ್ ಮಾಡಿದ್ರು, ಬಾಗಿಲು ಹಾಕ್ಕೊಂಡು ಮಾತಾಡಿದ್ರು, ಈಗ ನಂಗೆ, ಅವರ ಜೊತೆ ಮನೆಯವರು ಯಾರಾದ್ರೂ ಇದಾರಾ ನೋಡಿ, ಇದ್ರೆ ಒಟ್ಟಿಗೇ ಕರೀರಿ ಅಂತಿದಾರೆ, ಯಾರೂ ಇಲ್ವಲ್ಲ, ಹೇಗೆ ಹೇಳ್ಲಿ ಮೇಡಂ ಅವರಿಗೆ, ಫೋನು ಅದರ ಜಾಗಕ್ಕೆ ಕೂರಲಿಲ್ಲ, ತಂತಿಯಲ್ಲಿ ನೇತಾಡಿತು, ಅಕ್ಕನ ದನಿ ಅದರಲ್ಲಿ ಇನ್ನೂ ಮೇಡಂ ಮೇಡಂ ಅನ್ನುತ್ತಿತ್ತು, ಅವಳು ಆಗಲೇ ಮೆಟ್ಟಿಲ ಮೇಲಿದ್ದಳು.

ಮೆಟ್ಟಿಲು, ಬಿಸಿ, ಕೋಟು ತೆಗೆದಿಲ್ಲ, ತೆಗೆಯಲು ನಿಲ್ಲುವುದಿಲ್ಲ, ಏನು ಹೇಳಲಿ, ನನಗೆ ಗೊತ್ತು ಅನ್ನಲೇ, ಯಾಕೆ ಹೇಳಲಿಲ್ಲ ಅನ್ನಲೇ, ಅಷ್ಟು ದೊಡ್ಡದು ಈ ಬಾಯಲ್ಲಿ ಹಿಡಿಸುವುದಿಲ್ಲ, ಟಿಂಗ್ ಟಾಂಗ್, ಈ ಸಲ ಒಂದೇ ಗಂಟೆ, ಕೊನೆಯ ಮೆಟ್ಟಿಲು, ಬೆಂಚುಗಳು, ಅವನ ಬೆನ್ನು, ಬೆನ್ನೆಂದರೆ ಅವನದೇ ಬೆನ್ನು, ಕಾಲರಿನ ಹಿಂದೆ ಅವಳೇ ಕತ್ತರಿಸಿದ ಕೂದಲಿನ ಅಂಚು, ಬಾಗಿಲಲ್ಲಿ ಸ್ಕ್ಯಾನಕ್ಕ, ಅವನ ಹೆಸರು ಕರೆಯುತ್ತಾಳೆ, ಜೊತೆಗೆ ಯಾರಾದ್ರೂ ಬಂದಿದಾರಾ, ಅವನು, ಇಲ್ಲಮ್ಮ, ಒಬ್ನೇ, ಎಂದು ಏಳಲು ಬಲಗೈಯನ್ನು ಮುಂದಿನ ಬೆಂಚಿಗೆ ಊರುತ್ತಾನೆ, ಎಡಗೈ ಜೇಬಿನಲ್ಲಿ, ಬಲತೋಳು ತೆರೆದುಕೊಂಡು ಜೋತಾಡುತ್ತದೆ, ಇದೀನಿ, ಅಂದಳು ಅವಳು, ಇಷ್ಟೇ ಸಣ್ಣಗೆ, ಅವನು ತಿರುಗಿದ, ಅವಳನ್ನು ನೋಡಿದ, ಕೋಟನ್ನು ನೋಡಿದ, ನೀನಾ, ಅಂದ, ಇಲ್ಲೇ ಇದ್ಯಾ, ಅವಳು ತಲೆಯಾಡಿಸಿದಳು, ಅವನ ಕಣ್ಣು ಕೆಂಪಗಿದ್ದವು, ತುಟಿ ನಗಲು ಹೋಗಿ ಅರ್ಧಕ್ಕೇ ಬಿಟ್ಟುಬಿಟ್ಟಿತು, ಸ್ಕ್ಯಾನಕ್ಕ ಅವರಿಬ್ಬರನ್ನೂ ಒಬ್ಬರಾದ ಮೇಲೊಬ್ಬರಂತೆ ನೋಡುತ್ತ ಬಾಯಿಗೆ ಕೈ ಒತ್ತಿಕೊಂಡಳು, ಒಳಗೆ ಡಾಕ್ಟರು ಕುರ್ಚಿ ಎಳೆದ ಸದ್ದು, ಇನ್ನೊಂದು ಕುರ್ಚಿ ಎಳೆದ ಸದ್ದು, ಎರಡು ಕುರ್ಚಿ, ಬನ್ನಿ ಅಂದರು, ಒಂದ್ನಿಮಿಷ ಅಂದಳು ಅವಳು, ಅವನ ಬಲಗೈಯನ್ನು ತನ್ನ ಎರಡು ಕೈಯಲ್ಲಿ ತೆಗೆದುಕೊಂಡಳು, ಚೂರು ಒಳಗೆ ಹೋದರೆ ಹುಡುಕಿದರೂ ಸಿಗಲ್ಲ, ತೋಳಿನ ಎರಡು ಅಂಚು ಕೂಡಿಸಿದಳು, ಗುಂಡಿ, ಬಿಳೀ ಗುಂಡಿ, ಕಾಜದ ಬಾಯಿಗೆ ಬಂತು, ಜಾರಿತು, ಮತ್ತೆ ತಂದಳು, ಬನ್ನಿ ಅಂದರು ಒಳಗಿನಿಂದ, ಬಂತು, ತುದಿ ಒಳಗೆ ಹೋಗುತ್ತಿದೆ, ಹೋಗುತ್ತಿಲ್ಲ, ಮಣಿಕಟ್ಟಿನಲ್ಲಿ ಅವನ ನಾಡಿ ಅವಳ ಬೆರಳಿಗೆ ಹೊಡೆಯುತ್ತಿದೆ, ತೆರೆದ ತೋಳು, ಬಿಳೀ ಗುಂಡಿ, ಕಾಜದ ಬಾಯಲ್ಲಿ ಬಂದು ನಿಂತಿದೆ, ನಿಂತಿದೆ ಗುಂಡಿ, ಗುಂಡಿ—